ಟೈಲರ್ ಲಿಯೊನ ಸಮುದ್ರಯಾನ

ಇಸ್ತ್ರಿಪೆಟ್ಟಿಗೆಯ ಕೆಂಡ ಊದಿ, ಬೂದಿ ಹಾರಿಸಿ, ಬೆರಳಿಗೆ ಎಂಜಲು ಹಚ್ಚಿ ತಳಕ್ಕೆ ಮುಟ್ಟಿಸಿ ಚುಂಯ್ ಎನ್ನಿಸಿಕೊಂಡು, ಟೈಲರ್ ಲಿಯೊಪೋಲ್ಡ್ ಬೆಡೋ ನೀಲಿ ಪ್ಯಾಂಟಿನ ಎಡಗಾಲು ಮುಗಿಸಿ ಬಲಗಾಲಿಗೆ ಕೈಹಾಕಿದ್ದ. ಪ್ಯಾಂಟು ಪೊಲೀಸ್ ಕಾರ್ಪೊರಲ್ ಫ್ಲೆಚರನದು. ಬರುವ ಭಾನುವಾರ ಕಾರ್ಪೊರಲ್ ಒಂದು ಕೂಸಿನ ನಾಮಕರಣಕ್ಕೆ ಜ್ಞಾನಪಿತನಾಗಿ, ಅಂದರೆ ಧರ್ಮದ ತಂದೆಯಾಗಿ, ಚರ್ಚಿನಲ್ಲಿ ನಿಲ್ಲುವವನಿದ್ದ. ಮಡಿಕೆ ಮೀನಿನ ಮುಳ್ಳಿನಂತೆ ಚೂಪಾಗಿರಬೇಕು, ಹೊಲಿದವರು ಯಾರೆಂದು ನರಪಿಳ್ಳೆಗೂ ತಿಳಿಯಬಾರದು ಎಂದು ಷರತ್ತು ಹಾಕಿ ಹೋಗಿದ್ದ. ಯಾಕೆಂದರೆ ಸೂಟು ಟ್ರಿನಿಡಾಡಿನಿಂದ ಬರುತ್ತಿದೆ ಎಂದು ಆತ ಊರೆಲ್ಲ ಹೇಳಿಬಿಟ್ಟಿದ್ದ.

“ಮಧ್ಯಾಹ್ನದ ಹಡಗು ಎಷ್ಟು ಹೊತ್ತಿಗೆ ಹೊರಡುತ್ತೆ?”

ಬಾಗಿಲಲ್ಲಿ ಹಳದಿ ಟೋಪಿಯ ಒಬ್ಬ ಪ್ರವಾಸಿ, ಪಕ್ಕದಲ್ಲಿ ಅವನ ಹೆಂಡತಿ. ಚಳಿ ದೇಶದವರು, ನಮ್ಮ ಬಿಸಿಲಿಗೆ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ್ದರು. ಲಿಯೊ ತಲೆ ಎತ್ತಲಿಲ್ಲ. ಪ್ರವಾಸಿ ಇನ್ನೊಮ್ಮೆ ಕೇಳಿದ.

“ಗಾಳಿ ಜೋರಾಗಿದೆ,” ಎಂದು ಲಿಯೊ ಇಸ್ತ್ರಿಪೆಟ್ಟಿಗೆಗೆ ಹೇಳಿದ. “ಬಾಗಿಲ ಹತ್ರ ಏನೋ ಸದ್ದು ಮಾಡ್ತಿದೆ.”

ಹೆಂಗಸು ಚುರುಕು. ಗಂಡನ ತೋಳು ಹಿಡಿದು ಹೊರಗೆಳೆದುಕೊಂಡು ಹೋಗಿ, ಮತ್ತೆ ಒಳಗೆ ಕರೆತಂದು, “ಗುಡ್ ಮಾರ್ನಿಂಗ್” ಎಂದಳು.

“ಗುಡ್ ಮಾರ್ನಿಂಗ್, ಗುಡ್ ಮಾರ್ನಿಂಗ್, ಬನ್ನಿ, ಕೂತ್ಕೊಳ್ಳಿ.” ಲಿಯೊನ ಮುಖ ಅರಳಿತು. “ನನ್ನ ಮೊದಲನೇ ಸಲಹೆ ಇದೇ ನೋಡಿ. ಈ ದ್ವೀಪಗಳಲ್ಲಿ ಗುಡ್ ಮಾರ್ನಿಂಗ್ ಹೇಳದೆ ಮಾತು ಶುರು ಮಾಡಿದ್ರೆ, ನೀವು ನೀರಲ್ಲಿ ಮುಳುಗ್ತಾ ಇದ್ರೂ ಯಾರೂ ಹಗ್ಗ ಎಸೆಯಲ್ಲ. ಮೊದಲು ಗುಡ್ ಮಾರ್ನಿಂಗ್ ಅನ್ಬೇಕು, ಆಮೇಲೆ ಮುಳುಗ್ತಾ ಇದ್ದೀನಿ ಅನ್ಬೇಕು.”

ಸಲಹೆ ಕೊಡುವುದು ಲಿಯೊನ ಎರಡನೆಯ ಕಸುಬು. ಹಿಲ್ಸ್‌ಬರೋ ಹಡಗುಕಟ್ಟೆಯ ಎದುರಿಗೇ ಇದ್ದ ಅವನ ಅಂಗಡಿಯ ಮುಂದೆ ಒಂದು ಹಲಗೆ ತೂಗುತ್ತಿತ್ತು. ‘ಹೊಲಿಗೆ, ರಿಪೇರಿ’ ಎಂದು ಮೇಲೆ ಸಣ್ಣ ಅಕ್ಷರ; ಕೆಳಗೆ ದಪ್ಪ ಅಕ್ಷರದಲ್ಲಿ ‘ದ್ವೀಪದಿಂದ ದ್ವೀಪಕ್ಕೆ ಪ್ರಯಾಣ: ಅನುಭವಸ್ಥರಿಂದ ಸಲಹೆ, ಉಚಿತ’. ಅನುಭವಸ್ಥ ಎಂದರೆ ಲಿಯೊ. ಅನುಭವ ಎಂದರೆ ಜೇಬು ಹರಿದುಕೊಂಡು ಅಂಗಡಿಗೆ ಬಂದ ನಾವಿಕರದು. ಹೊಲಿಗೆ ಮುಗಿಯುವವರೆಗೆ ಅವರು ಹೇಳಿದ್ದನ್ನು ಲಿಯೊ ಕೇಳುತ್ತಿದ್ದ; ಅವರು ಅತ್ತ ಹೋದ ಮೇಲೆ ‘ಅವನು ಹೋದ’ ಎನ್ನುವುದನ್ನು ಸ್ವಲ್ಪ ಚಿಕ್ಕದು ಮಾಡಿ ‘ನಾನು ಹೋದೆ’ ಎಂದು ಹೊಲಿದುಕೊಳ್ಳುತ್ತಿದ್ದ. ಟೈಲರಿಗೆ ಇನ್ನೊಬ್ಬರ ಬಟ್ಟೆಯನ್ನು ಮೈಗೆ ಹೊಂದಿಸಿಕೊಳ್ಳುವುದು ಏನು ಕಷ್ಟ?

ನಿಜ ಹೇಳಬೇಕೆಂದರೆ ಲಿಯೊ ಈ ಕ್ಯಾರಿಯಾಕೂ ದ್ವೀಪ ಬಿಟ್ಟು ಒಂದು ಮಾರು ದೂರವೂ ಹೋಗಿದ್ದವನಲ್ಲ. ಇಲ್ಲಿ ಕೂಸುಗಳು ನಡೆಯಲು ಕಲಿಯುವ ಮೊದಲು ದೋಣಿ ಹತ್ತುತ್ತವೆ. ಲಿಯೊನ ಅಪ್ಪನಂತೂ ದೋಣಿ ಕಟ್ಟುವುದರಲ್ಲಿ ಹೆಸರಾದ ಬಡಗಿ. ಅಂಥವನ ಮಗನಿಗೆ ನೀರು ಅಲುಗಿದರೆ ಹೊಟ್ಟೆ ಅಲುಗುತ್ತಿತ್ತು. ಬಾವಿಗೆ ಬಗ್ಗಿದರೂ ಕಂಬ ಹಿಡಿದುಕೊಂಡೇ ಬಗ್ಗುವವನು. ಈ ಗುಟ್ಟು ತನ್ನೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ. ನಂಬಿಕೆ ಬಹಳ ದೊಡ್ಡದು.

“ಹಡಗಿನಲ್ಲಿ ಎಲ್ಲಿ ಕೂರೋದು ಒಳ್ಳೇದು?” ಎಂದು ಹಳದಿ ಟೋಪಿ ಕೇಳಿದ.

“ಮುಂದೆ. ತುತ್ತತುದಿಯಲ್ಲಿ. ಗಾಳಿ ಚೆನ್ನಾಗಿ ಬರುತ್ತೆ.”

“ಊಟ ಮಾಡಿ ಹತ್ತಬಹುದಾ?”

“ಗಂಟಲವರೆಗೆ ತಿಂದು ಹತ್ತಿ. ಕರಿದ ರೊಟ್ಟಿ, ಉಪ್ಪುಮೀನು, ಇನ್ನೂ ಎರಡು ಕರಿದ ರೊಟ್ಟಿ. ಹೊಟ್ಟೆ ಭಾರ ಇದ್ರೆ ತೂಗಾಡಲ್ಲ. ನಾನು ಗ್ರೆನಡಾಗೆ ಎಷ್ಟು ಸಲ ಹೋಗಿದ್ದೀನಿ ಅಂದ್ರೆ, ಈಗ ಕಣ್ಣು ಮುಚ್ಕೊಂಡೇ ದಾಟ್ತೀನಿ.”

ಹೆಂಗಸು ಎಲ್ಲವನ್ನೂ ಬರೆದುಕೊಂಡಳು. ಬರೆದುಕೊಳ್ಳುವವರನ್ನು ಕಂಡರೆ ಲಿಯೊನ ಎದೆ ಒಂದು ಇಂಚು ಅಗಲವಾಗುತ್ತಿತ್ತು. ಆ ಅಗಲವಾದ ಎದೆಗೆ ಕಾರ್ಪೊರಲ್ಲನ ಕೋಟು ಸರಿಹೋದೀತೇ ಎಂದು ನೋಡುವ ಮನಸ್ಸಾಯಿತು. ಹಾಗೆ ನೋಡಿದರೆ ಅದು ಕಸುಬಿನ ರೀತಿಯೇ: ಇಬ್ಬರದೂ ಒಂದೇ ಎತ್ತರ, ಹೊಟ್ಟೆ ಮಾತ್ರ ಕಾರ್ಪೊರಲ್ಲನಿಗೆ ಹೆಚ್ಚು. ಪರದೆಯ ಹಿಂದೆ ಹೋಗಿ ಪ್ಯಾಂಟು, ವೇಸ್ಟ್‌ಕೋಟು, ಕೋಟು ಎಲ್ಲ ತೊಟ್ಟು, ಬೆಳಕಿನಲ್ಲಿ ತೋಳು ಹೇಗೆ ಬಿದ್ದಿದೆ ನೋಡೋಣವೆಂದು ಬಾಗಿಲಿಗೆ ಬಂದು ನಿಂತ.

ಎಡವಟ್ಟಾದದ್ದು ಅಲ್ಲಿ. ಹಡಗು ಹೊರಡುವ ದಿನ ಬೆಳಗಾಗೆದ್ದು ಮೂರು ತುಂಡು ಸೂಟು ತೊಟ್ಟು ಬಾಗಿಲಲ್ಲಿ ನಿಂತವನು ಒಂದೋ ಹೆಣದ ಹಿಂದೆ ಹೋಗುವವನು, ಇಲ್ಲವೇ ಗ್ರೆನಡಾಕ್ಕೆ ಹೋಗುವವನು. ಆ ದಿನ ಊರಲ್ಲಿ ಯಾರೂ ಸತ್ತಿರಲಿಲ್ಲ.

ದಾರಿಯ ಆಚೆ ಬ್ರೆಡ್‌ಫ್ರೂಟ್ ಕಾಯಿ ಸುಡುತ್ತಿದ್ದ ತಾಂತಿ ಯುಜೀನಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. ತಾಂತಿ ಎಂದರೆ ಅತ್ತೆ. ಆಕೆ ಯಾರಿಗೂ ಅತ್ತೆಯಲ್ಲ, ಆದ್ದರಿಂದ ಊರಿಗೆಲ್ಲ ಅತ್ತೆ. ಲಿಯೊನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಆಮೇಲೆ ದಾರಿ ದಾಟಿ ಬಂದು ಕೋಟಿನ ತೋಳು ಮುಟ್ಟಿದಳು.

“ಅಂತೂ ಹೊರಟೆ.”

“ಎಲ್ಲಿಗೆ ತಾಂತಿ?”

“ಎಲ್ಲಿಗೆ ಅಂತ ನನ್ನನ್ನ ಕೇಳ್ತೀಯಾ? ಗ್ರೆನಡಾದ ಗೂಯಾವ್‌ಗೆ. ಜಸ್ಟೀನಾ ಮನೆಗೆ. ನಿನಗೂ ಸುದ್ದಿ ಬಂತಾ? ಆ ಬಸ್ ಓಡಿಸೋ ಕಾಸ್ಮಸ್ ನೀಲಿ ಕಾಗದ ಕೊಂಡ್ಕೊಂಡಿದ್ದಾನಂತೆ. ಭಾನುವಾರ ಅವನ ಚಿಕ್ಕಪ್ಪ ಪತ್ರ ಹಿಡ್ಕೊಂಡು ಅವಳ ಅಮ್ಮನ ಹತ್ರ ಹೋಗ್ತಾನಂತೆ. ಇವತ್ತಿನ ಹಡಗು ತಪ್ಪಿದ್ರೆ ಇನ್ನು ಸೋಮವಾರವೇ. ಸೋಮವಾರ ಹೋಗಿ ಏನು ಮಾಡ್ತೀಯ, ಮದುವೆ ಉಡುಪಿಗೆ ಅಳತೆ ತಗೋತೀಯಾ?”

ಸುದ್ದಿ ಲಿಯೊನಿಗೆ ಬಂದಿರಲಿಲ್ಲ.

ಇಲ್ಲಿ ಹೆಣ್ಣು ಕೇಳುವುದೆಂದರೆ ಬಾಯಲ್ಲಿ ಕೇಳುವುದಲ್ಲ. ಒಳ್ಳೆಯ ನೀಲಿ ಕಾಗದದ ಮೇಲೆ ಒಳ್ಳೆಯ ಅಕ್ಷರದಲ್ಲಿ ಹುಡುಗಿಯ ತಾಯಿಗೆ ಪತ್ರ ಬರೆಯಬೇಕು. ಅದನ್ನು ಅಂಚೆಗೆ ಹಾಕುವ ಹಾಗಿಲ್ಲ, ಗಂಡು ತಾನೇ ಕೊಡುವ ಹಾಗೂ ಇಲ್ಲ. ಹಿರಿಯರೊಬ್ಬರು ಬಿಳಿ ಕರವಸ್ತ್ರದಲ್ಲಿ ಸುತ್ತಿ ಒಯ್ದು ಕೈಗೆ ಕೊಡಬೇಕು. ಒಪ್ಪಿಗೆ ಬಂದರೆ ಗಂಡು ಹೋಗಿ ಅವರ ಮನೆಯಲ್ಲಿ ಕೂರಬೇಕು. ಗೂಯಾವಿನ ಜಸ್ಟೀನಾ ಪ್ರತಿ ಆಗಸ್ಟಿನಲ್ಲೂ ದೋಣಿ ಪಂದ್ಯಕ್ಕೆ ಜಾಯಿಕಾಯಿ ಜಾಮು ಮಾರಲು ಬರುತ್ತಿದ್ದಳು. ಒಂದು ಆಗಸ್ಟಿನಲ್ಲಿ ಅವಳ ಲಂಗದ ಅಂಚು ಬಿಚ್ಚಿತು, ಲಿಯೊ ಹೊಲಿದುಕೊಟ್ಟ. ಮುಂದಿನ ಆಗಸ್ಟಿನಲ್ಲಿ ಏನೂ ಬಿಚ್ಚದೆಯೂ ಅಂಗಡಿಗೆ ಬಂದಳು. ಆ ಸಲವೇ ಲಿಯೊ ಪತ್ರ ಬರೆದಿಟ್ಟ. ಹೋದ ಆಗಸ್ಟಿನಲ್ಲಿ ಹಡಗು ಹತ್ತುವಾಗ ಅವಳು, “ಪತ್ರ ಬಂದ್ರೆ ಮುಂದಿನ ವರ್ಷ ಬರ್ತೀನಿ. ಬರದಿದ್ರೆ ಜಾಮು ಬೇರೆ ಕಡೆನೂ ಖರ್ಚಾಗುತ್ತೆ” ಎಂದಿದ್ದಳು.

ಪತ್ರ ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲೇ ಇತ್ತು. ಹೋದರೆ ಒಪ್ಪಿಗೆ ಬರಬಹುದು. ಒಪ್ಪಿಗೆ ಬಂದರೆ ಸಮುದ್ರ ದಾಟಬೇಕು. ಈ ಎರಡರ ನಡುವೆ ಲಿಯೊ ನೂಲು ಸಿಕ್ಕಿಕೊಂಡ ಮಿಷಿನ್ನಿನ ಹಾಗೆ ನಿಂತಿದ್ದ.

“ಇಲ್ಲ ತಾಂತಿ, ಈ ಸೂಟು…” ಎಂದು ಅವನು ಬಾಯಿ ತೆರೆದ.

ಹಳದಿ ಟೋಪಿ ಎದ್ದು ನಿಂತಿದ್ದ. “ನೀವೂ ಇದೇ ಹಡಗಿಗೆ ಬರ್ತೀರಾ? ಹಾಗಾದ್ರೆ ನಮಗೇನು ಭಯ? ನೀವು ಕೂತ ಕಡೆ ನಾವು ಕೂರ್ತೀವಿ.”

ಕಣ್ಣು ಮುಚ್ಚಿಕೊಂಡು ದಾಟುತ್ತೇನೆ ಎಂದು ಈಗಷ್ಟೇ ಹೇಳಿದ ಬಾಯಿ. ಆ ಬಾಯಿ ಲಿಯೊನ ಅಪ್ಪಣೆ ಕೇಳದೆ, “ಹೌದು, ಹೋಗಲೇಬೇಕಲ್ಲ” ಎಂದುಬಿಟ್ಟಿತು.

ಪತ್ರ ಒಯ್ಯುವ ಹಿರಿಯರು ಯಾರು ಎಂದು ತಾಂತಿ ಕೇಳಲಿಲ್ಲ. ಕೇಳುವವಳ ಹಾಗೆ ಒಂದು ಗಳಿಗೆ ನಿಂತಳು, ಕರವಸ್ತ್ರದಲ್ಲಿ ಮೂಗು ಒರೆಸಿದಳು, ಹೊರಟುಹೋದಳು. ಲಿಯೊ ಅದನ್ನು ಗಮನಿಸಲಿಲ್ಲ. ಅವನ ಹೊಟ್ಟೆ ಆಗಲೇ ದಡ ಬಿಟ್ಟಿತ್ತು.

ಬ್ರೆಡ್‌ಫ್ರೂಟಿನ ಇನ್ನೊಂದು ಮಗ್ಗುಲು ಸುಡುವಷ್ಟರಲ್ಲಿ ಸುದ್ದಿ ಊರು ಮುಟ್ಟಿತು. ಇಲ್ಲಿ ಒಬ್ಬ ಹಡಗು ಹತ್ತುತ್ತಾನೆ ಎಂದರೆ ಅವನು ಒಬ್ಬನೇ ಹತ್ತುವುದಿಲ್ಲ. ಊರಿನ ಅರ್ಧ ಸಾಮಾನು ಅವನ ಜೊತೆ ಹತ್ತುತ್ತದೆ. ಮೊದಲು ಬಂದದ್ದು ತೊಗರಿಯ ಚೀಲ, ಗ್ರೆನಡಾದ ಯಾರದೋ ನಾದಿನಿಗೆ. ಅದರ ಹಿಂದೆ ಒಣಮೀನಿನ ಕಟ್ಟು. ಪಾದ್ರಿಗಳ ಅಡಿಗೆಯವಳು ಪಾದ್ರಿಗಳ ಮೇಲಿನ ಸಾಲಿನ ಹಲ್ಲುಕಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ರಿಪೇರಿ ಮಾಡಿಸಿ ಶನಿವಾರ ಮರಳುವ ಹಡಗಿನಲ್ಲಿ ತರಬೇಕು, ಭಾನುವಾರದ ಉಪದೇಶಕ್ಕೆ ಇದಿಲ್ಲದಿದ್ದರೆ ದೇವರ ಹೆಸರೇ ಹೊರಡುವುದಿಲ್ಲ ಎಂದಳು. ಜ್ಯಾಕ್ ಐರನ್ ರಮ್ಮಿನ ಒಂದು ಬುಡ್ಡಿ ಬಂತು. ಮಂಜುಗಡ್ಡೆ ಹಾಕಿದರೆ ತೇಲದೆ ಮುಳುಗುವಂಥ ಸರಕು. ಕಾಲು ಕಟ್ಟಿದ ಒಂದು ಕೋಳಿ ಬಂತು. ಕೋಳಿ ತಂದ ಮುದುಕ, “ಇವಳಿಗೆ ಸಮುದ್ರ ಅಭ್ಯಾಸ ಇದೆ, ನೀನು ಹೆದರಬೇಡ” ಎಂದ.

ಸಾಮಾನಿನ ಜೊತೆ ಒಂದೊಂದು ಸಲಹೆ. ಊರಿಗೆಲ್ಲ ಸಲಹೆ ಹಂಚಿದವನಿಗೆ ಅದು ಬಡ್ಡಿ ಸಮೇತ ಬರತೊಡಗಿತು.

“ಮುಂದೆ ಮಾತ್ರ ಕೂರಬೇಡ ಲಿಯೊ. ಮುಂದೆ ಕೂತವರನ್ನ ಸಮುದ್ರ ಬಟ್ಟೆ ಒಗೆದ ಹಾಗೆ ಒಗೆಯುತ್ತೆ. ಹಿಂದೆ, ನಡುವೆ, ಕೆಳಗೆ.”

“ಕರಿದದ್ದು ಮುಟ್ಟಬೇಡ. ಒಣ ಬಿಸ್ಕತ್ತು, ನಾಲಿಗೆ ಕೆಳಗೆ ಒಂದು ಚೂರು ಶುಂಠಿ.”

“ಕಣ್ಣು ಮುಚ್ಚಬೇಡ. ದೂರದ ಗುಡ್ಡ ನೋಡ್ತಾ ಇರು.”

“ಜೆನ್ನಿ ಪಕ್ಕ ಹೋಗುವಾಗ ಬಾಯಿ ಮುಚ್ಕೊಂಡಿರು. ಅವಳಿಗೆ ಜಂಬದ ಮಾತು ಕೇಳಿದ್ರೆ ಆಗಲ್ಲ.” ಜೆನ್ನಿ ಎಂದರೆ ದಾರಿಯಲ್ಲಿ ನೀರಿನ ಅಡಿಯಲ್ಲಿ ಕುದಿಯುವ ಬೆಂಕಿಬೆಟ್ಟ. ಅವಳ ಹತ್ತಿರ ಅಲೆಗಳಿಗೆ ದಿಕ್ಕು ದೆಸೆ ಇರುವುದಿಲ್ಲ.

ಹಳದಿ ಟೋಪಿಯ ಹೆಂಡತಿ ತಾನು ಬರೆದುಕೊಂಡದ್ದನ್ನು ನೋಡಿಕೊಂಡಳು, ಲಿಯೊನ ಮುಖ ನೋಡಿದಳು. “ನೀವು ಹೇಳಿದ್ದು ಇದರ ತದ್ವಿರುದ್ಧ ಅಲ್ವಾ?”

“ಅದು ಹೊಸಬರಿಗೆ ಹೇಳೋದಮ್ಮಾ,” ಎಂದ ಲಿಯೊ, ಕೋಳಿಯನ್ನು ಕಂಕುಳಿಗೆ ಸೇರಿಸುತ್ತಾ. ಯಾರು ಹೊಸಬರು, ಯಾವುದು ಅದು ಎಂಬುದನ್ನು ಬಿಡಿಸಿ ಹೇಳಲು ಪುರಸತ್ತಿರಲಿಲ್ಲ. ಅವನು ಬಾಗಿಲಿಗೂ ಕಿಟಕಿಗೂ ನಡುವೆ ಬೋನಿಗೆ ಬಿದ್ದ ಇಲಿಯಂತೆ ಓಡಾಡುತ್ತಿದ್ದ.

ತಾಂತಿ ಯುಜೀನಾ ಮತ್ತೆ ಬಂದಳು. ಮೇಜಿನ ಮೇಲೆ ಹರಡಿದ್ದ ಕಂದು ಕಾಗದವನ್ನು ಎತ್ತಿಕೊಂಡಳು. ಬಟ್ಟೆ ಕತ್ತರಿಸುವ ಮೊದಲು ಟೈಲರುಗಳು ಅಳತೆ ಬರೆದು ಕತ್ತರಿಸಿಟ್ಟುಕೊಳ್ಳುವ ದಪ್ಪ ಕಾಗದ. ಅದರ ಮೇಲೆ ಕಾರ್ಪೊರಲ್ಲನ ಎಡಗಾಲು, ಸೊಂಟದ ಸುತ್ತಳತೆ ಸಮೇತ, ಸ್ಪಷ್ಟವಾಗಿ ಬರೆದಿತ್ತು.

“ವೇಸ್ಟ್‌ಕೋಟು ಬಿಚ್ಚು.”

“ತಾಂತಿ, ಅದು ನನ್ನ ಅಳತೆ ಕಾಗದ.”

“ಕಂದು ಕಾಗದ ಹೊಟ್ಟೆ ಮೇಲಿದ್ರೆ ಸಮುದ್ರ ಹೊಟ್ಟೆಯೊಳಗೆ ಬರಲ್ಲ. ನನ್ನ ಗಂಡ ಹೀಗೇ ಕಟ್ಕೊಂಡು ಕ್ಯೂಬಾ ತನಕ ಹೋಗಿದ್ದ.”

“ಆಮೇಲೆ?”

“ಆಮೇಲೆ ಬರಲಿಲ್ಲ. ಅದು ಕಾಗದದ ತಪ್ಪಲ್ಲ. ಉಸಿರು ಒಳಗೆ ಎಳ್ಕೋ.”

ಕಾರ್ಪೊರಲ್ಲನ ಹೊಟ್ಟೆಗೆಂದು ಬಿಟ್ಟಿದ್ದ ಜಾಗ ಕಂದು ಕಾಗದದಿಂದ ಭರ್ತಿಯಾಯಿತು. ಈಗ ಸೂಟು ಲಿಯೊನಿಗೆ ಅಚ್ಚುಕಟ್ಟಾಗಿ ಕೂತಿತು. ನಡೆದರೆ ಮಾತ್ರ ಒಣ ಬಾಳೆಗಿಡದಲ್ಲಿ ಮೇಕೆ ಹೊಕ್ಕಂತೆ ಸದ್ದಾಗುತ್ತಿತ್ತು. ಡ್ರಾಯರಿನಿಂದ ನೀಲಿ ಪತ್ರ ತೆಗೆದು ಎದೆ ಜೇಬಿಗಿಟ್ಟುಕೊಂಡು, ಕೋಳಿ, ಮೀನು, ತೊಗರಿ, ರಮ್ಮು, ಪಾದ್ರಿಗಳ ಹಲ್ಲು, ಹಿಂದೆ ಇಬ್ಬರು ಪ್ರವಾಸಿಗಳು, ಅವರ ಹಿಂದೆ ಊರು, ಹೀಗೆ ಲಿಯೊನ ಮೆರವಣಿಗೆ ಹಡಗುಕಟ್ಟೆಗೆ ಹೊರಟಿತು.

ಕಟ್ಟೆಯ ಬಾಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಕಾರ್ಪೊರಲ್ ಫ್ಲೆಚರ್. ದೂರದಿಂದ ಬರುತ್ತಿದ್ದ ನೀಲಿ ಸೂಟನ್ನು ಕಂಡು ಅವನು ಮೆಚ್ಚಿಕೊಂಡ. ಹತ್ತಿರ ಬಂದ ಮೇಲೆ ಗುರುತು ಹಿಡಿದ. ಆದರೆ ಏನು ಹೇಳುತ್ತಾನೆ? ಸೂಟು ಇನ್ನೂ ಟ್ರಿನಿಡಾಡಿನಿಂದ ಬಂದೇ ಇಲ್ಲವಲ್ಲ.

“ಗುಡ್ ಮಾರ್ನಿಂಗ್ ಟೈಲರ್,” ಎಂದ ಹಲ್ಲು ಕಚ್ಚಿಕೊಂಡು.

“ಗುಡ್ ಮಾರ್ನಿಂಗ್ ಕಾರ್ಪೊರಲ್.”

“ಸೂಟು ಚೆನ್ನಾಗಿದೆ.”

“ನಿಮ್ಮ ದಯೆ.”

ಕಾರ್ಪೊರಲ್ ಬಗ್ಗಿ ಕಿವಿಯಲ್ಲಿ, “ಶನಿವಾರದ ಹಡಗಿಗೆ ಸೂಟು ವಾಪಸ್ ಬರ್ಬೇಕು. ಆ ಕೋಳಿ ಅದರ ಮೇಲೆ ಏನಾದ್ರೂ ಮಾಡ್ತೋ, ನಿನ್ನ ಚರ್ಮ ಸುಲಿದು ನಾನೇ ಹೊಲ್ಕೋತೀನಿ” ಎಂದು ಪಿಸುಗುಟ್ಟಿ, ಗಟ್ಟಿಯಾಗಿ, “ಬೆಡೋ ಅವರಿಗೆ ಕೈ ತುಂಬ ಸಾಮಾನಿದೆ, ನಾನೇ ಹತ್ತಿಸಿ ಬರ್ತೀನಿ” ಎಂದ. ಕೋಳಿಯನ್ನು ತಾನೇ ಇಸಿದುಕೊಂಡ. ಹಡಗಿನ ಬೆಂಚನ್ನು ತನ್ನ ಕರವಸ್ತ್ರದಿಂದ ಒರೆಸಿದ. ಬಿಸಿಲಿಗೆ ಬಣ್ಣ ಹೋದೀತೆಂದು ತನ್ನ ಪೊಲೀಸ್ ಟೋಪಿಯನ್ನು ಲಿಯೊನ ಭುಜಕ್ಕೆ ಅಡ್ಡ ಹಿಡಿದ. ಪೊಲೀಸರಿಗೆ ಜನರ ಮೇಲೆ ಇಷ್ಟು ಅಕ್ಕರೆ ಎಂದು ಊರಿಗೆ ಅವತ್ತೇ ತಿಳಿದದ್ದು.

“ಇವರು ಸರಕಾರದ ಕಡೆಯವರಾ?” ಎಂದು ಹಳದಿ ಟೋಪಿ ಹೆಂಡತಿಯನ್ನು ಮೆಲ್ಲಗೆ ಕೇಳಿದ.

ಲಿಯೊ ಹಡಗಿನ ಮೇಲೆ ಕಾಲಿಟ್ಟಿದ್ದ. ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಯಂತ್ರ ಇನ್ನೂ ಶುರುವಾಗಿರಲಿಲ್ಲ. ಹಡಗು ಕಟ್ಟೆಗೆ ಆತುಕೊಂಡು ಕರು ಹಸುವಿಗೆ ಮೈ ಉಜ್ಜಿದಂತೆ ಅಷ್ಟಕ್ಕಷ್ಟೆ ಅಲುಗುತ್ತಿತ್ತು. ಕಪ್ತಾನ ಸಿಪ್ರಿಯನ್ ಮೇಲಿನಿಂದ ಬಗ್ಗಿ, “ಏನು ಮಾಸ್ಟರ್ ಟೈಲರ್, ಇವತ್ತು ಜೆನ್ನಿ ಸ್ವಲ್ಪ ಮುನಿಸಿಕೊಂಡಿದ್ದಾಳೆ, ಕುಣಿಸ್ತಾಳೆ” ಎಂದ.

ಕುಣಿತ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು. ಲಿಯೊನ ಮುಖ ಮೊದಲು ಹಸಿರಾಯಿತು, ಆಮೇಲೆ ಬೂದಿಯಾಯಿತು. ನಾಲಿಗೆಯ ಕೆಳಗಿನ ಶುಂಠಿ ಎತ್ತಲೋ ಹಾರಿತು. ಕಂದು ಕಾಗದ ಒಮ್ಮೆ ಬುರ್ ಎಂದಿತು.

“ನನ್ನ ಸೂಟು,” ಎಂದ ಕಾರ್ಪೊರಲ್ ಫ್ಲೆಚರ್.

ಕೂಗಲಿಲ್ಲ. ಆದರೂ ಆ ಮಾತು ಕಟ್ಟೆಯ ಕೊನೆಯವರೆಗೂ ಕೇಳಿಸಿತು. ಕೋಳಿಯನ್ನು ಎಸೆದು, ಲಿಯೊನ ಕತ್ತು ಹಿಡಿದು, ಸಮಯಕ್ಕೆ ಸರಿಯಾಗಿ ಅವನ ತಲೆಯನ್ನು ಸಮುದ್ರದ ಕಡೆ ತಿರುಗಿಸಿದ. ಒಂದು ಹನಿ ಕೂಡ ಕೋಟಿಗೆ ಸಿಡಿಯಲಿಲ್ಲ. ಆಮೇಲೆ ಅವನನ್ನು ಮಗುವಿನ ಹಾಗೆ ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿದ.

ಮೀನಿನವಳೊಬ್ಬಳು ಕೇಳಿದಳು:

“ಕಾರ್ಪೊರಲ್, ಟ್ರಿನಿಡಾಡಿಂದು ಅಂದ್ರಿ?”

“ಬಟ್ಟೆ,” ಎಂದ ಕಾರ್ಪೊರಲ್, ಟೋಪಿ ಸರಿಮಾಡಿಕೊಳ್ಳುತ್ತ. “ಬಟ್ಟೆ ಟ್ರಿನಿಡಾಡಿಂದು. ಗುಂಡಿ ಕೂಡ.”

ನಗು ಕಟ್ಟೆಯ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯವರೆಗೆ ಹೋಗಿ ಮರಳಿ ಬಂತು. ಲಿಯೊ ಮಾತ್ರ ನಗಲಿಲ್ಲ. ಸುತ್ತ ಊರಿನ ಗಂಟುಮೂಟೆ, ನಡುವೆ ಅವನು. ಹಡಗಿನವರು ಹಗ್ಗದ ಹತ್ತಿರ ಹೋಗುತ್ತಿದ್ದರು. ಭಾನುವಾರ ಕಾಸ್ಮಸ್‌ನ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಮನೆಯ ಮೆಟ್ಟಿಲು ಹತ್ತುವುದು ಅವನ ಕಣ್ಣಿಗೆ ಕಟ್ಟಿತು.

“ತಾಂತಿ,” ಎಂದ. ದನಿ ಸಣ್ಣದಾಗಿತ್ತು. “ನಾನು ಯಾವತ್ತೂ ಹಡಗು ಹತ್ತಿಲ್ಲ. ಯಾವ ದ್ವೀಪಕ್ಕೂ ಹೋಗಿಲ್ಲ.”

“ಗೊತ್ತು,” ಎಂದಳು ತಾಂತಿ.

“ಗೊತ್ತಾ?”

“ಯಾರಿಗೆ ಗೊತ್ತಿಲ್ಲ? ನೀನು ಇಷ್ಟು ಎತ್ತರ ಇದ್ದಾಗ ನಿಮ್ಮಪ್ಪ ಹೊಸ ದೋಣಿ ನೀರಿಗಿಳಿಸೋ ದಿನ ನಿನ್ನನ್ನ ಅದರ ಮೇಲೆ ಕೂರಿಸಿದ. ದೋಣಿಗೆ ಬಲಿ ಕೊಡೋ ಮೇಕೆ ಕೂಡ ಸುಮ್ನೆ ನಿಂತಿತ್ತು. ನೀನು ಪಾದ್ರಿ ಪಾದದ ಮೇಲೆ ವಾಂತಿ ಮಾಡ್ಕೊಂಡೆ. ದೋಣಿ ಆಗ ಇನ್ನೂ ಮರಳಿನ ಮೇಲೇ ಇತ್ತು ಮಗಾ.”

ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಕೆಲವರು ಆ ದಿನ ಅಲ್ಲೇ ಇದ್ದವರು. ಮಿಕ್ಕವರು ಇದ್ದವರಿಂದ ಕೇಳಿದವರು.

“ಮತ್ತೆ ಈ ಸಾಮಾನೆಲ್ಲ ಯಾಕೆ ಕೊಟ್ರಿ?”

“ಪ್ರೀತಿ ಬಂದು ರೋಗ ವಾಸಿಯಾಯ್ತೇನೋ ಅಂದ್ಕೊಂಡ್ವಿ,” ಎಂದ ಕೋಳಿಯ ಮುದುಕ, ಕೋಳಿಯನ್ನು ಹಿಡಿದು ತರುತ್ತ.

ಹಳದಿ ಟೋಪಿ ಹಡಗಿನಿಂದ ಬಗ್ಗಿ ಕೇಳಿದ. “ಗುಡ್ ಮಾರ್ನಿಂಗ್. ಹಾಗಾದ್ರೆ ನಾವೆಲ್ಲಿ ಕೂರಬೇಕು?” ಯಾರೂ ಅವನಿಗೆ ಉತ್ತರ ಕೊಡಲಿಲ್ಲ, ಆದರೆ ಅವನು ಕೇಳಿದ ರೀತಿಯನ್ನು ಎಲ್ಲರೂ ಮೆಚ್ಚಿಕೊಂಡರು.

ತಾಂತಿ ಯುಜೀನಾ ಅಂಗೈ ಚಾಚಿದಳು. ಅಂಗೈಯ ಮೇಲೆ ಒಂದು ಬಿಳಿ ಕರವಸ್ತ್ರ. ಮಡಿಕೆ ಮುರಿಯದ್ದು, ಇಸ್ತ್ರಿ ಹಾಕಿದ್ದು. ಮೂಗು ಒರೆಸುವುದು ಬೇರೆ, ಇದು ಬೇರೆ.

“ಇದನ್ನ ಪ್ರತಿ ಆಗಸ್ಟ್ ನಿನ್ನ ಹತ್ರಾನೇ ಇಸ್ತ್ರಿ ಮಾಡಿಸ್ತೀನಿ. ನಾನು ಇದರಲ್ಲಿ ಏನು ಬ್ರೆಡ್‌ಫ್ರೂಟ್ ಕಟ್ತೀನಾ? ಒಂದು ಸಲವಾದ್ರೂ ಯಾಕೆ ತಾಂತಿ ಅಂತ ಕೇಳಿದ್ಯಾ? ಇವತ್ತು ಬೆಳಿಗ್ಗೆನೂ ಕೇಳ್ತೀಯೇನೋ ಅಂತ ನಿಂತಿದ್ದೆ. ಸೂಟು ಹಾಕ್ಕೊಂಡು ನೀನೇ ಹೊರಟೆ, ಹಿರಿಯರ ದಿಕ್ಕಿಲ್ಲದವನ ಹಾಗೆ.”

ಲಿಯೊ ಆ ಕರವಸ್ತ್ರ ನೋಡಿದ. ಎಷ್ಟು ಸಲ ಅದರ ಅಂಚು ತಿದ್ದಿ ತೀಡಿದ್ದ. ಕೈಯಲ್ಲಿ ಕೆಂಡ ಹಿಡಿದುಕೊಂಡೇ ಬೆಂಕಿಗೆ ಊರೆಲ್ಲ ಅಲೆದವನು ಅವನೇ.

“ಕೊಡು ಪತ್ರ. ಹಡಗು ಕಾಯಲ್ಲ.”

ಎದೆ ಜೇಬಿಗೆ ಕೈಹಾಕಿ ನೀಲಿ ಪತ್ರ ತೆಗೆದ. ಬಿಡಿಸಿ ಮೊದಲ ಸಾಲಿನ ಮೇಲೆ ಕಣ್ಣಾಡಿಸಿದ: ‘ಟ್ರಿನಿಡಾಡಿನಿಂದ ಸೇಂಟ್ ಕಿಟ್ಸ್‌ವರೆಗೆ ಎಲ್ಲ ಸಮುದ್ರಗಳನ್ನೂ ದಾಟಿರುವ ನಾನು…’ ಮುಂದೆ ಓದಲಿಲ್ಲ. ಮಡಿಚಿ ಮತ್ತೆ ಜೇಬಿಗಿಟ್ಟುಕೊಂಡ.

“ಇದು ಬೇಡ ತಾಂತಿ. ಒಂದು ಗಳಿಗೆ.”

“ಬೇರೆ ಪತ್ರ ಎಲ್ಲಿದೆ?”

ಲಿಯೊ ವೇಸ್ಟ್‌ಕೋಟಿನ ಗುಂಡಿ ಬಿಚ್ಚಿದ. ಹೊಟ್ಟೆಯ ಮೇಲಿಂದ ಕಂದು ಕಾಗದ ಎಳೆದ. ಬೆಚ್ಚಗಿತ್ತು, ಸ್ವಲ್ಪ ಬೆವೆತಿತ್ತು. ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಂಡು, ತೊಗರಿ ಚೀಲ ತೊಡೆಯ ಮೇಲಿಟ್ಟು ಅದರ ಮೇಲೆ ಕಾಗದ ಹರಡಿ ಬರೆಯತೊಡಗಿದ. ಕಪ್ತಾನ ಸಿಳ್ಳು ಊದಿದ. ಕಾರ್ಪೊರಲ್ ಕಪ್ತಾನನ ಕಡೆ ತಿರುಗಿ, “ಇಲ್ಲೊಂದು ಪೊಲೀಸ್ ತನಿಖೆ ನಡೀತಿದೆ, ಮುಗಿಯೋವರೆಗೂ ಹಗ್ಗ ಮುಟ್ಟಬೇಡಿ” ಎಂದ. ಅದು ಅವನು ಆ ದಿನ ಹೇಳಿದ ಎರಡನೆಯ ಸುಳ್ಳು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಜನ ಲಿಯೊನ ಭುಜದ ಮೇಲಿಂದ ಬಗ್ಗಿ ಓದಿದರು. ಹೆಣ್ಣು ಕೇಳುವ ಪತ್ರ ಗುಟ್ಟಿನದು, ಆದರೆ ಕಟ್ಟೆಯ ಮೇಲೆ ಬರೆದದ್ದು ಎಲ್ಲಿಯ ಗುಟ್ಟು?

‘ಮಾ ಲೂಯಿಸಾ ಅವರಿಗೆ, ಗುಡ್ ಮಾರ್ನಿಂಗ್. ನಾನು ಸಮುದ್ರ ದಾಟಿದವನಲ್ಲ. ನಿಮ್ಮ ಮಗಳ ಮುಂದೆ ದಾಟಿದ್ದೇನೆ ಎಂದದ್ದು ಸುಳ್ಳು. ಹೊಲಿಗೆ ಬರುತ್ತದೆ ಎಂದದ್ದು ನಿಜ. ಜಸ್ಟೀನಾಳನ್ನು ನನಗೆ ಕೊಡಿ ಎಂದು ಕೇಳುತ್ತೇನೆ. ಒಪ್ಪಿದರೆ ನಾನು ಬಂದು ನಿಮ್ಮ ಮನೆಯಲ್ಲಿ ಕೂರಬೇಕು, ಅದು ರೀತಿ. ನನ್ನ ಹೊಟ್ಟೆ ರೀತಿ ಕೇಳುವುದಿಲ್ಲ. ದಯವಿಟ್ಟು ನೀವೇ ಬಂದು ನನ್ನ ಮನೆಯಲ್ಲಿ ಕೂತು ನನ್ನನ್ನು ನೋಡಿ. ದಾರಿಗೆ ನನ್ನ ಸಲಹೆ. ನನ್ನದಲ್ಲ, ದಾಟಿದವರದು. ಹಿಂದೆ ಕೂರಿ, ಮುಂದೆ ಬೇಡ. ಕರಿದದ್ದು ತಿನ್ನಬೇಡಿ, ಒಣ ಬಿಸ್ಕತ್ತು ತಿನ್ನಿ. ಗುಡ್ಡದ ಮೇಲೆ ಕಣ್ಣಿಡಿ. ಜೆನ್ನಿಯ ಹತ್ತಿರ ಮಾತಾಡಬೇಡಿ. ಈ ಕಾಗದವನ್ನೇ ಹೊಟ್ಟೆಗೆ ಕಟ್ಟಿಕೊಳ್ಳಿ, ಕಟ್ಟೆಯಲ್ಲಿ ಇಳಿದ ಮೇಲೆ ಯಾರಿಗಾದರೂ ಮೊದಲು ಗುಡ್ ಮಾರ್ನಿಂಗ್ ಹೇಳಿ, ಆಮೇಲೆ ನನ್ನ ಹೆಸರು ಹೇಳಿ. ಕೈಹಿಡಿದು ಕರೆತರುತ್ತಾರೆ. ನಿಮ್ಮವನಾಗಲು ಕಾದಿರುವ ಲಿಯೊಪೋಲ್ಡ್ ಬೆಡೋ.’

“ಹಿಂದುಗಡೆ ಏನದು, ಯಾರದೋ ಕಾಲು?” ಎಂದು ಮೀನಿನವಳು ಕೇಳಿದಳು.

“ನಂದು,” ಎಂದ ಕಾರ್ಪೊರಲ್ ಫ್ಲೆಚರ್, ಒಂದಿಷ್ಟು ಹೆಮ್ಮೆಯಿಂದಲೇ. “ಇರಲಿ ಬಿಡಿ. ಪೊಲೀಸ್ ಸಾಕ್ಷಿ ಇದ್ದ ಹಾಗಾಯ್ತು.”

ಲಿಯೊ ಎದ್ದು ನಿಂತು, ಎರಡೂ ಕೈಯಲ್ಲಿ ಕಾಗದ ಹಿಡಿದು, “ತಾಂತಿ, ನನ್ನ ಕಡೆಯ ಹಿರಿಯರಾಗಿ ಇದನ್ನ ಒಯ್ದು ಕೊಡ್ತೀರಾ?” ಎಂದು ಕೇಳಿದ. ಇಷ್ಟು ಕಾಲ ಕಾದದ್ದನ್ನು ಗಬಕ್ಕನೆ ನುಂಗುವವಳಲ್ಲ ತಾಂತಿ ಯುಜೀನಾ. ಕಾಗದವನ್ನು ನಾಲ್ಕಾಗಿ ಮಡಿಚಿದಳು, ಕರವಸ್ತ್ರದಲ್ಲಿ ಸುತ್ತಿದಳು, ರವಿಕೆಯೊಳಗೆ ಸೇರಿಸಿದಳು.

“ಅವರು ಕುರ್ಚಿ ಕೊಟ್ಟು, ಕುಡಿಯೋಕೆ ಕೊಡೋವರೆಗೂ ಇದನ್ನ ಹೊರಗೆ ತೆಗೆಯಲ್ಲ,” ಎಂದಳು. “ರಮ್ಮಿನ ಬುಡ್ಡಿ ಇತ್ತ ಕೊಡು. ಅವರ ಮನೇಲಿ ಇಲ್ದಿದ್ರೆ ಅಂತ.”

ಬ್ರೆಡ್‌ಫ್ರೂಟಿನ ಬೆಂಕಿ ನೋಡಿಕೊಳ್ಳಲು ಮೀನಿನವಳಿಗೆ ಹೇಳಿ, ತೊಗರಿ, ಮೀನು, ಹಲ್ಲು, ಕೋಳಿ ಎಲ್ಲವನ್ನೂ ಹೇರಿಸಿಕೊಂಡು, ಎಪ್ಪತ್ತು ದಾಟಿದ ಆ ಹೆಂಗಸು ಏಣಿ ಹತ್ತಿದ ರೀತಿ ನೋಡಿ ಕಪ್ತಾನನೇ ದಾರಿ ಬಿಟ್ಟ. ಹಗ್ಗ ಬಿಚ್ಚಿದರು. ಕಟ್ಟೆಗೂ ಹಡಗಿಗೂ ನಡುವೆ ಒಂದು ಗೇಣು ನೀರು ಕಂಡಿತು, ಆಮೇಲೆ ಒಂದು ಮಾರು. ಲಿಯೊ ಕಂಬ ಹಿಡಿದುಕೊಂಡು ನೋಡುತ್ತಿದ್ದ.

ತಾಂತಿ ಯುಜೀನಾ ಹಿಂದೆ ಕೂರಲಿಲ್ಲ. ನಡುವೆಯೂ ಕೂರಲಿಲ್ಲ. ನೇರ ಮುಂದೆ, ತುತ್ತತುದಿಗೆ ನಡೆದುಹೋಗಿ, ಅಲ್ಲಿ ಲಿಯೊನ ಬೆಳಗಿನ ಸಲಹೆ ನಂಬಿ ಕರಿದ ರೊಟ್ಟಿ ತಿನ್ನುತ್ತ ಕೂತಿದ್ದ ಹಳದಿ ಟೋಪಿಯ ದಂಪತಿಗಳ ಪಕ್ಕ ಕೋಳಿಯ ಸಮೇತ ಕೂತುಕೊಂಡಳು.

“ಹಿಂದೆ ಕೂರಿ ತಾಂತಿ,” ಎಂದು ಲಿಯೊ ಕಟ್ಟೆಯ ಉದ್ದಕ್ಕೂ ಓಡುತ್ತ ಕೂಗಿದ. “ಹಿಂದೆ. ಪತ್ರ ನೆನೆಯುತ್ತೆ.”

ಅವಳು ತಿರುಗಿ ನೋಡಲಿಲ್ಲ. ಒಂದು ಕೈ ಎದೆಯ ಮೇಲಿಟ್ಟು ಪತ್ರ ಅಲ್ಲೇ ಇದೆ ಎಂದು ತೋರಿಸಿದಳು. ಇನ್ನೊಂದು ಕೈಯಲ್ಲಿ ಹಳದಿ ಟೋಪಿ ಕೊಟ್ಟ ರೊಟ್ಟಿ ಇಸಿದುಕೊಂಡಳು. ಮೊದಲ ಅಲೆ ಬಂದು ಹಡಗಿನ ಮೂತಿಗೆ ಬಡಿಯಿತು. ಕಾರ್ಪೊರಲ್ ಫ್ಲೆಚರ್ ಹಿಂದಿನಿಂದ ಬಂದು ಲಿಯೊನ ಭುಜದ ಮೇಲೆ ಕೈಯಿಟ್ಟು, “ಈಗ ನನ್ನ ಪ್ಯಾಂಟು” ಎಂದ. ಲಿಯೊ ಅತ್ತ ನೋಡದೆಯೇ ಬೆಲ್ಟಿಗೆ ಕೈಹಾಕಿದ. ಅವನ ಕಣ್ಣು ಹಡಗಿನ ಮೇಲಿತ್ತು. ಕಟ್ಟೆ ಕಾಲಡಿಯಲ್ಲಿ ತೂಗಾಡಿದಂತಿತ್ತು, ಆದರೂ ಹೊಟ್ಟೆ ಮಾತ್ರ ಆಶ್ಚರ್ಯವೆಂಬಂತೆ ತೆಪ್ಪಗಿತ್ತು. ಪತ್ರ ಆಗಲೇ ಬಂದರಿನ ಬಾಯಿ ದಾಟಿತ್ತು.